ಪವರ್ ಫ್ಯಾಕ್ಟರ್ ಮತ್ತು ಕೆಪಾಸಿಟರ್: ಲಾಭ ಯಾರಿಗೆ, ಬರಿಯ ಖರ್ಚು ಯಾರಿಗೆ?

ಸಣ್ಣ ಕೈಗಾರಿಕೆಗಳ ಉತ್ಪಾದನಾ ವೆಚ್ಚದಲ್ಲಿ ಕಚ್ಚಾ ಸಾಮಗ್ರಿ ಮತ್ತು ಕೂಲಿಯ ನಂತರ ಎದ್ದು ಕಾಣುವ ಬಾಬು ವಿದ್ಯುತ್ ಬಿಲ್ಲು. ಈ ಬಿಲ್ಲಿನಲ್ಲಿ ಬಳಸಿದ ಯೂನಿಟ್‌ಗಳ ಮೊತ್ತವನ್ನು ಎಲ್ಲರೂ ನೋಡುತ್ತಾರೆ. ಅದೇ ಹಾಳೆಯಲ್ಲಿ 'ಪಿ.ಎಫ್.' ಎಂಬ ಎರಡಕ್ಷರದ ಎದುರು ಮುದ್ರಿತವಾಗಿರುವ 0.72 ಅಥವಾ 0.88 ಎಂಬಂತಹ ಅಂಕಿಯನ್ನು ಗಮನಿಸುವವರು ಕಡಿಮೆ. ಈ ಅಂಕಿಯ ಅರ್ಥ ತಿಳಿಯದಿರುವುದರಿಂದ ಎರಡು ಬಗೆಯ ನಷ್ಟವಾಗುತ್ತದೆ. ಕೆಪಾಸಿಟರ್ ಅಗತ್ಯವಿರುವ ಕಾರ್ಖಾನೆ ಅದನ್ನು ಹಾಕಿಸದೆ ದಂಡ ತೆರುತ್ತದೆ. ಅಗತ್ಯವಿಲ್ಲದ ಅಂಗಡಿಯು 'ವಿದ್ಯುತ್ ಉಳಿತಾಯದ ಪೆಟ್ಟಿಗೆ' ಎಂಬ ಹೆಸರಿನಲ್ಲಿ ಅದನ್ನೇ ಕೊಂಡು ಹಣ ಕಳೆದುಕೊಳ್ಳುತ್ತದೆ. ಇವೆರಡನ್ನೂ ತಪ್ಪಿಸಲು ವಿದ್ಯುತ್ ಮಂಡಲದ ಕೆಲವು ಮೂಲ ವಿಷಯಗಳನ್ನು ತಿಳಿದಿದ್ದರೆ ಸಾಕು.

ಮಂಡಲದಲ್ಲಿ ನಡೆಯುವುದೇನು?

ತಂತಿಯಲ್ಲಿ ಪ್ರವಾಹವನ್ನು ತಳ್ಳುವ ಒತ್ತಡಕ್ಕೆ ವೋಲ್ಟೇಜ್ ಎಂದೂ, ಹರಿಯುವ ಪ್ರವಾಹದ ಪ್ರಮಾಣಕ್ಕೆ ಆಂಪಿಯರ್ ಎಂದೂ, ನಡೆಯುವ ಕೆಲಸದ ದರಕ್ಕೆ ವ್ಯಾಟ್ ಎಂದೂ ಲೆಕ್ಕ. ನೀರು ಕಾಯಿಸುವ ಹೀಟರ್ ಒಂದು 230 ವೋಲ್ಟ್‌ನಲ್ಲಿ 10 ಆಂಪಿಯರ್ ಎಳೆದರೆ ಅದರ ಶಕ್ತಿ 2300 ವ್ಯಾಟ್. ಇಲ್ಲಿ ಗುಣಾಕಾರ ನೇರವಾಗಿದೆ, ಏಕೆಂದರೆ ಹೀಟರಿಗೆ ಬಂದ ಪ್ರವಾಹವೆಲ್ಲವೂ ಶಾಖವಾಗಿ ಪರಿಣಮಿಸುತ್ತದೆ.

ಮೋಟಾರಿನ ವಿಷಯ ಹಾಗಲ್ಲ. ಲೇತ್, ಪವರ್ ಪ್ರೆಸ್, ಹಿಟ್ಟಿನ ಗಿರಣಿ, ಕಂಪ್ರೆಸರ್ ಮೊದಲಾದವುಗಳನ್ನು ತಿರುಗಿಸುವ ಇಂಡಕ್ಷನ್ ಮೋಟಾರು ಕೆಲಸ ಮಾಡಬೇಕಾದರೆ ಅದರೊಳಗೆ ಕಾಂತಕ್ಷೇತ್ರ ನಿರ್ಮಾಣವಾಗಬೇಕು. ಈ ಕ್ಷೇತ್ರವನ್ನು ಕಟ್ಟಲು ಮೋಟಾರು ಜಾಲದಿಂದ ಶಕ್ತಿಯನ್ನು ಪಡೆದು, ಮರುಕ್ಷಣವೇ ಹಿಂದಿರುಗಿಸುತ್ತದೆ. ಪರ್ಯಾಯ ಪ್ರವಾಹದ ಆವರ್ತನ ಸೆಕೆಂಡಿಗೆ 50 ಆಗಿರುವುದರಿಂದ ಈ ಕೊಡುಕೊಳ್ಳುವಿಕೆ ಸೆಕೆಂಡಿಗೆ 100 ಬಾರಿ ನಡೆಯುತ್ತದೆ. ಹೀಗೆ ಬಂದು ಹೋಗುವ ಪ್ರವಾಹದಿಂದ ಯಂತ್ರದ ದಂಡ ತಿರುಗುವ ಕೆಲಸ ನಡೆಯದು. ಆದರೆ ಅದು ತಂತಿಯಲ್ಲಿ ಹರಿಯುವುದು ಮಾತ್ರ ನಿಜ.

ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದು ಮಾರಾಟವಾಗದೆ ಹಿಂದಿರುಗುವ ಸರಕಿನಂತೆ. ಬಿಕರಿ ಸೊನ್ನೆ, ಲಾರಿ ಬಾಡಿಗೆ ಮಾತ್ರ ಎರಡೂ ಕಡೆ ತಪ್ಪದು. ವಿದ್ಯುತ್ತಿನಲ್ಲಿ ಈ ಬಾಡಿಗೆಯು ಕೇಬಲ್, ಟ್ರಾನ್ಸ್‌ಫಾರ್ಮರ್ ಮತ್ತು ಸ್ವಿಚ್‌ಗೇರ್‌ಗಳ ಮೇಲಿನ ಹೆಚ್ಚುವರಿ ಹೊರೆಯ ರೂಪದಲ್ಲಿ ಬೀಳುತ್ತದೆ.

ಪವರ್ ಫ್ಯಾಕ್ಟರ್ ಎಂದರೇನು?

ಕೆಲಸಕ್ಕೆ ಬಂದ ಶಕ್ತಿಯನ್ನು ಕಿಲೋವ್ಯಾಟ್‌ನಲ್ಲೂ, ಬಂದು ಹೋಗುವ ಶಕ್ತಿಯನ್ನು ಕೆ.ವಿ.ಎ.ಆರ್.ನಲ್ಲೂ, ಜಾಲವು ಒಟ್ಟಾರೆ ಹೊರಬೇಕಾದ ಹೊರೆಯನ್ನು ಕೆ.ವಿ.ಎ.ಯಲ್ಲೂ ಅಳೆಯಲಾಗುತ್ತದೆ. ಕಿಲೋವ್ಯಾಟ್ ಅನ್ನು ಕೆ.ವಿ.ಎ.ಯಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಪವರ್ ಫ್ಯಾಕ್ಟರ್. ಹೀಟರಿನಲ್ಲಿ ಅದು 1. ಪೂರ್ಣ ಹೊರೆಯಲ್ಲಿರುವ ಸಾಮಾನ್ಯ ಸಣ್ಣ ಮೋಟಾರಿನಲ್ಲಿ ಸುಮಾರು 0.8ರಿಂದ 0.85. ಅದೇ ಮೋಟಾರು ಅರ್ಧ ಹೊರೆಯಲ್ಲಿ ಓಡಿದರೆ 0.7ರ ಆಸುಪಾಸಿಗೆ ಇಳಿಯುತ್ತದೆ. ಹೊರೆಯೇ ಇಲ್ಲದೆ ತಿರುಗಿದರೆ 0.3ಕ್ಕಿಂತಲೂ ಕೆಳಗಿಳಿಯಬಹುದು. ಕಾಂತಕ್ಷೇತ್ರಕ್ಕೆ ಬೇಕಾದ ಪ್ರವಾಹವು ಹೊರೆಯಿದ್ದರೂ ಇಲ್ಲದಿದ್ದರೂ ಬಹುಮಟ್ಟಿಗೆ ಅಷ್ಟೇ ಇರುವುದು ಇದಕ್ಕೆ ಕಾರಣ.

ಆದ್ದರಿಂದ ಮೂರು ಅಶ್ವಶಕ್ತಿಯ ಕೆಲಸಕ್ಕೆ ಹತ್ತು ಅಶ್ವಶಕ್ತಿಯ ಮೋಟಾರು ಜೋಡಿಸುವುದು, ಬಿಡುವಿನ ವೇಳೆಯಲ್ಲಿ ಯಂತ್ರವನ್ನು ಖಾಲಿ ಓಡಿಸುವುದು, ವೆಲ್ಡಿಂಗ್ ಟ್ರಾನ್ಸ್‌ಫಾರ್ಮರನ್ನು ದಿನವಿಡೀ ಚಾಲೂ ಇಡುವುದು, ಇವು ಪವರ್ ಫ್ಯಾಕ್ಟರ್ ಕುಸಿಯಲು ಮುಖ್ಯ ಕಾರಣಗಳು. ಕೆಪಾಸಿಟರ್ ಕೊಳ್ಳುವ ಮುನ್ನ ಇವುಗಳನ್ನು ಸರಿಪಡಿಸುವುದೇ ಮೊದಲ ಕ್ರಮ; ಅದಕ್ಕೆ ಬಂಡವಾಳವೂ ಹೆಚ್ಚು ಬೇಡ.

ಒಂದು ಲೆಕ್ಕ

415 ವೋಲ್ಟ್‌ನ ತ್ರೀ ಫೇಸ್ ಸಂಪರ್ಕವಿರುವ ಒಂದು ಘಟಕದ ಹೊರೆ 20 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.70 ಎಂದಿಟ್ಟುಕೊಳ್ಳಬಹುದು. ಆಗ ಜಾಲದ ಮೇಲಿನ ಹೊರೆ 20 ಭಾಗಿಸು 0.70, ಅಂದರೆ 28.6 ಕೆ.ವಿ.ಎ.; ಪ್ರತಿ ಫೇಸಿನಲ್ಲಿ ಹರಿಯುವ ಪ್ರವಾಹ ಸುಮಾರು 39.7 ಆಂಪಿಯರ್. ಪವರ್ ಫ್ಯಾಕ್ಟರನ್ನು 0.95ಕ್ಕೆ ಏರಿಸಿದರೆ ಹೊರೆ 21.1 ಕೆ.ವಿ.ಎ.ಗೂ, ಪ್ರವಾಹ 29.3 ಆಂಪಿಯರ್‌ಗೂ ಇಳಿಯುತ್ತದೆ. ಯಂತ್ರಗಳು ಮಾಡುವ ಕೆಲಸದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಆದರೆ ತಂತಿಯಲ್ಲಿ ಹತ್ತು ಆಂಪಿಯರ್ ಕಡಿಮೆಯಾಯಿತು. ಹೊಸ ಯಂತ್ರವೊಂದನ್ನು ಕೂರಿಸಲು ಈಗಿರುವ ಕೇಬಲ್ಲಿನಲ್ಲೇ ಅವಕಾಶ ದೊರೆತಂತಾಯಿತು.

ತಂತಿ ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಮೇಲಿನ ಉದಾಹರಣೆಯಲ್ಲಿ ಆ ನಷ್ಟ ಶೇ. 46ರಷ್ಟು ಕಡಿಮೆಯಾಗುತ್ತದೆ. ಈ ಅಂಕಿ ದೊಡ್ಡದಾಗಿ ಕಂಡರೂ ಅದರ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ತಿಂಗಳಿಗೆ 200 ಗಂಟೆ ಓಡುವ ಈ ಘಟಕದ ಬಳಕೆ 4000 ಯೂನಿಟ್. ಮೀಟರಿನಿಂದ ಯಂತ್ರದವರೆಗಿನ ತಂತಿಯಲ್ಲಿ ಶೇ. 2ರಷ್ಟು, ಎಂದರೆ 80 ಯೂನಿಟ್ ವ್ಯರ್ಥವಾಗುತ್ತಿದ್ದರೆ ಅದು 43 ಯೂನಿಟ್‌ಗೆ ಇಳಿಯುತ್ತದೆ. ಉಳಿತಾಯ 37 ಯೂನಿಟ್. ಒಟ್ಟು ಬಳಕೆಯ ಶೇ. 1ಕ್ಕಿಂತಲೂ ಕಡಿಮೆ. ಕೆಪಾಸಿಟರ್ ಹಾಕಿದ ಮಾತ್ರಕ್ಕೆ ಯೂನಿಟ್‌ಗಳ ಬಳಕೆ ಗಣನೀಯವಾಗಿ ಇಳಿಯದು ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಹಣ ಉಳಿಯುವುದು ಎಲ್ಲಿ?

ಉಳಿತಾಯವೆಲ್ಲ ದರಪಟ್ಟಿಯ ಷರತ್ತುಗಳಲ್ಲಿದೆ. ರಾಜ್ಯದಲ್ಲಿ ಬೆಸ್ಕಾಂ, ಹೆಸ್ಕಾಂ ಮೊದಲಾದ ವಿತರಣಾ ಕಂಪನಿಗಳ ದರಗಳನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸುತ್ತದೆ. ಉದ್ಯಮಿಯು ತನ್ನ ಸಂಪರ್ಕದ ವರ್ಗಕ್ಕೆ ಅನ್ವಯಿಸುವ ಆದೇಶದಲ್ಲಿ ಮೂರು ಅಂಶಗಳನ್ನು ಹುಡುಕಬೇಕು.

ಮೊದಲನೆಯದು, ಪವರ್ ಫ್ಯಾಕ್ಟರ್ ನಿಗದಿತ ಮಿತಿಗಿಂತ ಕೆಳಗಿಳಿದರೆ ಪ್ರತಿ ಯೂನಿಟ್ ಮೇಲೆ ಬೀಳುವ ಸರ್‌ಚಾರ್ಜ್. ಎರಡನೆಯದು, ಬೇಡಿಕೆ ಶುಲ್ಕ. ಎಚ್.ಟಿ. ಸಂಪರ್ಕಗಳಲ್ಲಿ ಇದನ್ನು ಕೆ.ವಿ.ಎ. ಆಧಾರದ ಮೇಲೆ ವಿಧಿಸುವುದರಿಂದ 28.6 ಮತ್ತು 21.1ರ ನಡುವಣ ಅಂತರ ನೇರವಾಗಿ ರೂಪಾಯಿಯಾಗಬಲ್ಲದು. ಆದರೆ ಒಪ್ಪಂದದ ಬೇಡಿಕೆಯ ಇಂತಿಷ್ಟು ಭಾಗಕ್ಕೆ ಕನಿಷ್ಠ ಶುಲ್ಕ ತೆರಲೇಬೇಕಾದ್ದರಿಂದ ಒಪ್ಪಂದವನ್ನೂ ಮರುಪರಿಶೀಲಿಸಬೇಕಾಗುತ್ತದೆ. ಮೂರನೆಯದು, ಯೂನಿಟ್‌ಗಳನ್ನು ಕಿಲೋವ್ಯಾಟ್ ಗಂಟೆಯಲ್ಲಿ ಎಣಿಸುತ್ತಾರೆಯೇ ಅಥವಾ ಕೆ.ವಿ.ಎ. ಗಂಟೆಯಲ್ಲಿಯೇ ಎಂಬುದು. ನೆರೆಯ ಮಹಾರಾಷ್ಟ್ರದಲ್ಲಿ ಎಚ್.ಟಿ. ಗ್ರಾಹಕರಿಗೆ 2020ರ ಏಪ್ರಿಲ್‌ನಿಂದ ಕೆ.ವಿ.ಎ. ಗಂಟೆಯ ಲೆಕ್ಕ ಜಾರಿಗೆ ಬಂದಿತು. ಅಂತಹ ಪದ್ಧತಿಯಲ್ಲಿ ಮೇಲಿನ 4000 ಯೂನಿಟ್‌ನ ಬಳಕೆಯು 0.70ರಲ್ಲಿ 5714 ಎಂದೂ, 0.95ರಲ್ಲಿ 4211 ಎಂದೂ ದಾಖಲಾಗುತ್ತದೆ. ಅಲ್ಲಿ ಘಟಕ ಅಥವಾ ಶಾಖೆ ಹೊಂದಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ನಮೂದಾಗಿರದಿದ್ದರೆ ಮೀಟರಿನ ಎರಡು ಓದುಗಳಿಂದ ಅದನ್ನು ಪಡೆಯಬಹುದು: ತಿಂಗಳ ಕಿಲೋವ್ಯಾಟ್ ಗಂಟೆಯನ್ನು ಅದೇ ತಿಂಗಳ ಕೆ.ವಿ.ಎ. ಗಂಟೆಯಿಂದ ಭಾಗಿಸಿದರೆ ಸರಾಸರಿ ಪವರ್ ಫ್ಯಾಕ್ಟರ್ ಬರುತ್ತದೆ.

ಕೆಪಾಸಿಟರಿನ ಪಾತ್ರ ಮತ್ತು ಅಳತೆ

ಮೋಟಾರು ಶಕ್ತಿಯನ್ನು ಹಿಂದಿರುಗಿಸುವ ಕ್ಷಣದಲ್ಲಿ ಕೆಪಾಸಿಟರ್ ಅದನ್ನು ತುಂಬಿಕೊಳ್ಳುತ್ತದೆ. ಮೋಟಾರು ಕೇಳುವ ಕ್ಷಣದಲ್ಲಿ ಬಿಟ್ಟುಕೊಡುತ್ತದೆ. ಹಿಂದಿರುಗುವ ಸರಕನ್ನು ದೂರದ ಊರಿಗೆ ಸಾಗಿಸುವ ಬದಲು ಅಂಗಡಿಯ ಪಕ್ಕದಲ್ಲೇ ಗೋದಾಮು ಮಾಡಿದಂತೆ ಇದು. ಗೋದಾಮು ಅಂಗಡಿಗೆ ಎಷ್ಟು ಹತ್ತಿರವೋ ಸಾಗಾಣಿಕೆ ಅಷ್ಟು ಕಡಿಮೆ. ಮುಖ್ಯ ಪ್ಯಾನೆಲ್ಲಿನಲ್ಲಿ ಕೂರಿಸಿದ ಕೆಪಾಸಿಟರ್ ಮೀಟರಿನ ಕಡೆಗಿನ ಪ್ರವಾಹವನ್ನು ಮಾತ್ರ ತಗ್ಗಿಸುತ್ತದೆ. ಪ್ಯಾನೆಲ್ಲಿನಿಂದ ಯಂತ್ರದವರೆಗಿನ ಕೇಬಲ್ಲಿನಲ್ಲಿ ಮೊದಲಿನ ಪ್ರವಾಹವೇ ಮುಂದುವರಿಯುತ್ತದೆ. ದಿನವಿಡೀ ಓಡುವ ದೊಡ್ಡ ಮೋಟಾರಿಗೆ ಅದರ ಬಳಿಯಲ್ಲೇ ಕೆಪಾಸಿಟರ್ ಒದಗಿಸುವುದು ಲೇಸೆನ್ನುವುದು ಈ ಕಾರಣಕ್ಕೆ.

ಬೇಕಾದ ಅಳತೆಯನ್ನು ಹೀಗೆ ಕಂಡುಕೊಳ್ಳಬಹುದು. ಪವರ್ ಫ್ಯಾಕ್ಟರನ್ನು 0.95ಕ್ಕೆ ಏರಿಸಲು, ಸರಾಸರಿ ಹೊರೆಯ ಕಿಲೋವ್ಯಾಟ್ ಅನ್ನು ಮುಂದಿನ ಸಂಖ್ಯೆಯಿಂದ ಗುಣಿಸಬೇಕು:

ಈಗಿನ ಪವರ್ ಫ್ಯಾಕ್ಟರ್ 0.65 ಇದ್ದರೆ 0.84
0.70 ಇದ್ದರೆ 0.69
0.75 ಇದ್ದರೆ 0.55
0.80 ಇದ್ದರೆ 0.42
0.85 ಇದ್ದರೆ 0.29

ಉದಾಹರಣೆಯ ಘಟಕಕ್ಕೆ 20 ಗುಣಿಸು 0.69, ಎಂದರೆ 13.8 ಕೆ.ವಿ.ಎ.ಆರ್. ಬೇಕು. ಇಲ್ಲಿ ಕೊಳ್ಳುವವರು ಎಚ್ಚರ ವಹಿಸಬೇಕಾದ ಒಂದು ಸೂಕ್ಷ್ಮವಿದೆ. ಕೆಪಾಸಿಟರಿನ ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. 440 ವೋಲ್ಟ್‌ಗೆ 10 ಕೆ.ವಿ.ಎ.ಆರ್. ಎಂದು ಗುರುತಿಸಿದ ಕೆಪಾಸಿಟರ್ 415 ವೋಲ್ಟ್‌ನಲ್ಲಿ ಕೇವಲ 8.9 ಕೆ.ವಿ.ಎ.ಆರ್. ಕೊಡುತ್ತದೆ. ಆದಕಾರಣ ಎರಡು ಮಾರಾಟಗಾರರ ದರಗಳನ್ನು ಹೋಲಿಸುವಾಗ ನಾಮಫಲಕದಲ್ಲಿನ ಕೆ.ವಿ.ಎ.ಆರ್. ಜೊತೆಗೆ ವೋಲ್ಟೇಜನ್ನೂ ನೋಡಬೇಕು.

ಅತಿಯಾದರೆ ಅಪಾಯ

'ಇರಲಿ, ಇನ್ನಷ್ಟು ಹಾಕೋಣ' ಎಂಬ ಧೋರಣೆ ಇಲ್ಲಿ ಸಲ್ಲದು. ಯಂತ್ರಗಳು ನಿಂತಿರುವ ರಾತ್ರಿಯಲ್ಲೂ ರಜಾದಿನದಲ್ಲೂ ಸ್ಥಿರ ಕೆಪಾಸಿಟರ್‌ಗಳು ಜಾಲಕ್ಕೆ ಅಂಟಿಕೊಂಡೇ ಇದ್ದರೆ ಪವರ್ ಫ್ಯಾಕ್ಟರ್ ಇನ್ನೊಂದು ದಿಕ್ಕಿಗೆ ವಾಲಿ ವೋಲ್ಟೇಜ್ ಏರಲು ಎಡೆಯಾಗುತ್ತದೆ. ಹೊರೆ ದಿನದಲ್ಲಿ ಏರಿಳಿಯುವ ಘಟಕಗಳಿಗೆ ಅಗತ್ಯಕ್ಕೆ ತಕ್ಕಂತೆ ಕೆಪಾಸಿಟರ್‌ಗಳನ್ನು ಜೋಡಿಸಿ ಬಿಡಿಸುವ ಸ್ವಯಂಚಾಲಿತ ಪ್ಯಾನೆಲ್ ಸೂಕ್ತ. ಮೋಟಾರಿಗೆ ನೇರವಾಗಿ ಜೋಡಿಸುವಾಗ ಅದರ ಕಾಂತಕ್ಷೇತ್ರಕ್ಕೆ ಬೇಕಾದ ಕೆ.ವಿ.ಎ.ಆರ್.ನ ಶೇ. 90ನ್ನು ಮೀರಬಾರದು. ಮೀರಿದರೆ ವಿದ್ಯುತ್ ಕಡಿತಗೊಳಿಸಿದ ಮೇಲೂ ಮೋಟಾರು ಕೆಲಕಾಲ ತಾನೇ ವೋಲ್ಟೇಜ್ ಉತ್ಪಾದಿಸಿ ಹಾನಿಗೊಳಗಾಗುವ ಸಂಭವವಿದೆ.

ವೇಗ ನಿಯಂತ್ರಕ ಡ್ರೈವ್, ಯು.ಪಿ.ಎಸ್. ಮುಂತಾದ ಎಲೆಕ್ಟ್ರಾನಿಕ್ ಉಪಕರಣಗಳು ಹೆಚ್ಚಾಗಿರುವ ಕಡೆ ಇನ್ನೊಂದು ತೊಡಕಿದೆ. ಅವು ಪ್ರವಾಹವನ್ನು ತುಂಡುತುಂಡಾಗಿ ಎಳೆಯುವುದರಿಂದ 50ರ ಮೂಲ ಆವರ್ತನದ ಜೊತೆಗೆ ಹಾರ್ಮೋನಿಕ್ಸ್ ಎಂಬ ಮೇಲಿನ ಆವರ್ತನಗಳೂ ಹುಟ್ಟುತ್ತವೆ. ಇವು ಕೆಪಾಸಿಟರಿನೊಳಗೆ ಸುಲಭವಾಗಿ ನುಗ್ಗಿ ಅದನ್ನು ಕಾಯಿಸಿ ಕೆಡಿಸುತ್ತವೆ. ಅಂತಹ ಘಟಕಗಳಲ್ಲಿ ಮೊದಲು ಅಳತೆ ಮಾಡಿಸಿ, ಅಗತ್ಯವಿದ್ದರೆ ಸರಣಿಯಲ್ಲಿ ರಿಯಾಕ್ಟರ್ ಇರುವ ಕೆಪಾಸಿಟರ್‌ಗಳನ್ನೇ ಬಳಸಬೇಕು. ಡ್ರೈವ್ ಮತ್ತು ಮೋಟಾರಿನ ನಡುವೆ ಎಂದಿಗೂ ಕೆಪಾಸಿಟರ್ ಹಾಕಬಾರದು.

ಉಳಿತಾಯದ ಪೆಟ್ಟಿಗೆಗಳು

ಪ್ಲಗ್‌ಗೆ ಸಿಕ್ಕಿಸಿದ ಕೂಡಲೇ ಬಿಲ್ಲನ್ನು ಶೇ. 30ರಿಂದ 40ರಷ್ಟು ಇಳಿಸುತ್ತದೆ ಎಂಬ ಪ್ರಚಾರದೊಂದಿಗೆ ಮಾರಲಾಗುವ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಸಣ್ಣ ಕೆಪಾಸಿಟರ್ ಮತ್ತು ಮಿನುಗುವ ಒಂದು ದೀಪ. ಮಾರಾಟಗಾರನು ಆಂಪಿಯರ್ ಮೀಟರಿನ ಅಂಕಿ ಇಳಿಯುವುದನ್ನು ತೋರಿಸುತ್ತಾನೆ; ಅದು ಸುಳ್ಳಲ್ಲ. ಆದರೆ ಕಿಲೋವ್ಯಾಟ್ ಗಂಟೆಯನ್ನಷ್ಟೇ ಎಣಿಸುವ ಅಂಗಡಿ ಅಥವಾ ಮನೆಯ ಮೀಟರು ಮೊದಲಿನಿಂದಲೂ ಬಂದು ಹೋಗುವ ಶಕ್ತಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ತೆರದ ಹಣ ಉಳಿಯುವುದಾದರೂ ಹೇಗೆ? ತಂತಿಯ ನಷ್ಟದಲ್ಲಿ ಆಗುವ ಉಳಿತಾಯ ಎಷ್ಟು ಅಲ್ಪವೆಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ. ಇಂತಹ ಸರಕನ್ನು ಕೊಳ್ಳುವವರಂತೆಯೇ ದಾಸ್ತಾನು ಮಾಡಿ ಮಾರುವ ವ್ಯಾಪಾರಿಗಳೂ ಯೋಚಿಸಬೇಕು. ಗ್ರಾಹಕನ ವಿಶ್ವಾಸ ಒಮ್ಮೆ ಹೋದರೆ ಮರಳುವುದು ಕಷ್ಟ.

ನಿಗಾ ಮತ್ತು ಸುರಕ್ಷತೆ

ಕೆಪಾಸಿಟರ್ ವರ್ಷಗಳು ಕಳೆದಂತೆ ಕ್ಷೀಣಿಸುತ್ತದೆ; ಹೊರಗಿನಿಂದ ನೋಡಿದರೆ ತಿಳಿಯದು. ಕ್ಲಾಂಪ್ ಮೀಟರಿನಿಂದ ಪ್ರವಾಹ ಅಳೆಯುವುದು ಸುಲಭದ ಪರೀಕ್ಷೆ. 440 ವೋಲ್ಟ್‌ನ 10 ಕೆ.ವಿ.ಎ.ಆರ್. ತ್ರೀ ಫೇಸ್ ಕೆಪಾಸಿಟರ್ 415 ವೋಲ್ಟ್‌ನಲ್ಲಿ ಪ್ರತಿ ಫೇಸಿಗೆ ಸುಮಾರು 12.4 ಆಂಪಿಯರ್ ಎಳೆಯಬೇಕು. ಅದು 8 ಅಥವಾ 9ಕ್ಕೆ ಇಳಿದಿದ್ದರೆ, ಇಲ್ಲವೇ ಮೂರು ಫೇಸುಗಳಲ್ಲಿ ಹೆಚ್ಚಿನ ಅಂತರವಿದ್ದರೆ ಬದಲಾಯಿಸುವ ಕಾಲ ಬಂದಿದೆ ಎಂದರ್ಥ. ಡಬ್ಬಿ ಉಬ್ಬಿದ್ದರೆ ಅಥವಾ ಎಣ್ಣೆ ಜಿನುಗುತ್ತಿದ್ದರೆ ತಕ್ಷಣ ಸಂಪರ್ಕ ತಪ್ಪಿಸಬೇಕು.

ಸ್ವಿಚ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಪ್ರಾಣಾಪಾಯ ತರುವಷ್ಟು ವಿದ್ಯುತ್ ಉಳಿದಿರುತ್ತದೆ. ಅದನ್ನು ಖಾಲಿ ಮಾಡುವ ರೆಸಿಸ್ಟರ್ ಅಳವಡಿಸಿರುತ್ತಾರಾದರೂ ಅದು ಕೆಟ್ಟಿರಬಹುದು. ಕೆಲವು ನಿಮಿಷ ಕಾದು, ಮೀಟರಿನಿಂದ ವೋಲ್ಟೇಜ್ ಪರೀಕ್ಷಿಸಿದ ನಂತರವೇ ಕೈಹಾಕಬೇಕು. ಜೋಡಣೆ ಮತ್ತು ದುರಸ್ತಿಯನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸುವುದು ಕ್ಷೇಮ.

ಉದ್ಯಮಿಗೆ ಉಳಿಯುವ ಕೆಲಸ ಇಷ್ಟು: ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಪವರ್ ಫ್ಯಾಕ್ಟರ್, ಸರ್‌ಚಾರ್ಜ್ ಮತ್ತು ಬೇಡಿಕೆ ಶುಲ್ಕಗಳನ್ನು ಪಟ್ಟಿ ಮಾಡುವುದು, ಖಾಲಿ ಓಡುವ ಯಂತ್ರಗಳನ್ನು ಗುರುತಿಸುವುದು, ಆ ಬಳಿಕವಷ್ಟೇ ಕೆಪಾಸಿಟರಿನ ಬೆಲೆಯನ್ನು ವರ್ಷದ ಉಳಿತಾಯದೊಡನೆ ತೂಗಿ ನೋಡುವುದು. ಪಟ್ಟಿಯಲ್ಲಿ ಸರ್‌ಚಾರ್ಜೂ ಇಲ್ಲ, ಕೆ.ವಿ.ಎ. ಲೆಕ್ಕವೂ ಇಲ್ಲ, ಕೇಬಲ್ಲಿನ ಮೇಲೆ ಹೊರೆಯೂ ಹೆಚ್ಚಿಲ್ಲವೆಂದಾದರೆ ಕೆಪಾಸಿಟರ್ ಕೊಳ್ಳದಿರುವುದೇ ಲಾಭ.