ಜಾನುವಾರುಗಳ ಮೂಳೆ ಮತ್ತು ಫ್ಲೋರೈಡ್ ಬಾಧೆ

ಮೂಳೆಯೆಂಬುದು ಶರೀರದ ಭಾರವನ್ನು ಹೊರುವ ನಿರ್ಜೀವ ಕಂಬವಲ್ಲ. ಜೀವವಿರುವವರೆಗೂ ಅದರ ಹಳೆಯ ಭಾಗ ಕರಗಿ ಹೊಸ ಭಾಗ ಕಟ್ಟುತ್ತಲೇ ಇರುತ್ತದೆ. ಕ್ಯಾಲ್ಸಿಯಂ ಮತ್ತು ರಂಜಕಗಳ ಈ ಉಗ್ರಾಣದೊಳಕ್ಕೆ ನೀರು, ಮೇವುಗಳೊಡನೆ ಬಂದ ಕೆಲವು ವಿಷಪದಾರ್ಥಗಳೂ ಸೇರಿ ವರ್ಷಗಟ್ಟಲೆ ಉಳಿಯುತ್ತವೆ. ಫ್ಲೋರೈಡ್ ಅಂಥವುಗಳಲ್ಲೊಂದು.

1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ಜನರಲ್ಲಿ ಫ್ಲೋರೈಡಿನಿಂದ ಬೆನ್ನುಮೂಳೆ ಬಿಗಿದುಕೊಳ್ಳುವುದನ್ನು ಶಾರ್ಟ್ ಮತ್ತು ಅವರ ಸಹೋದ್ಯೋಗಿಗಳು ವರದಿ ಮಾಡಿದರು. ಇಂತಹ ಊರುಗಳಲ್ಲಿ ಜನರು ಕುಡಿಯುವ ನೀರನ್ನೇ ದನಗಳೂ ಕುಡಿಯುತ್ತವೆ. ಅವು ನೋವನ್ನು ಹೇಳಿಕೊಳ್ಳಲಾರವು, ಅಷ್ಟೆ.

ಬಾಧೆಯ ಮೊದಲ ಗುರುತು ಹಲ್ಲಿನಲ್ಲಿದೆ. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ ಫ್ಲೋರೈಡ್ ಅಧಿಕವಾದರೆ ಅವುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಅಥವಾ ಕಂದು ಪಟ್ಟಿ ಮೂಡಿ, ಹಲ್ಲು ಬೇಗ ಸವೆಯುತ್ತದೆ. ಹಲ್ಲು ಬಲಿತ ಮೇಲೆ ಕೊಂಡುತಂದ ಹಸುವಿನಲ್ಲಿ ಈ ಗುರುತು ಕಾಣದು. ಆದರೆ ಮೂಳೆ ಪಾರಾಗುವುದಿಲ್ಲ. ಕಾಲಿನ ಕೆಳಭಾಗ, ಪಕ್ಕೆಲುಬು ಮತ್ತು ದವಡೆಗಳ ಮೇಲೆ ಒರಟು ಗಂಟುಗಳು ಬೆಳೆಯುತ್ತವೆ. ಪ್ರಾಣಿ ಕೆಲವು ದಿನ ಕುಂಟುತ್ತದೆ, ಕೆಲವು ದಿನ ಸರಿಯಾಗಿರುವಂತೆ ತೋರುತ್ತದೆ. ಮೇವು ಅಗಿಯಲಾರದೆ ಸೊರಗಿ, ಹಾಲೂ ಇಳಿಯುತ್ತದೆ.

ಕುಂಟುವ ದನಕ್ಕೆ ಸುಣ್ಣಾಂಶದ ಕೊರತೆಯೆಂದೇ ಭಾವಿಸಿ ‘ಡಿ’ ಜೀವಸತ್ವವನ್ನು ಮತ್ತೆ ಮತ್ತೆ ಕೊಡಿಸುವ ಅವಸರ ಸಲ್ಲದು. ಈ ಜೀವಸತ್ವ ಕಡಿಮೆಯಾದರೆ ಎಳೆಗರುಗಳ ಮೂಳೆ ಮೆತ್ತಗಾಗಿ ಬಾಗುವುದು ನಿಜ. ಮಿತಿಮೀರಿದರೆ ಅದೇ ಜೀವಸತ್ವ ಮೂಳೆಯಿಂದ ಕ್ಯಾಲ್ಸಿಯಮನ್ನು ಸೆಳೆದು ರಕ್ತನಾಳ, ಮೂತ್ರಪಿಂಡಗಳಲ್ಲಿ ಗಟ್ಟಿಕಟ್ಟಿಸುತ್ತದೆ. ಹೆಚ್ಚುಕಾಲ ಈಲಿಯನ್ನೇ ತಿಂದ ಬೆಕ್ಕುಗಳಲ್ಲಿ ‘ಎ’ ಜೀವಸತ್ವ ಅತಿಯಾಗಿ ಕತ್ತಿನ ಮೂಳೆಗಳು ಬೆಸೆದುಕೊಳ್ಳುವುದೂ ಉಂಟು. ಆದುದರಿಂದ ಔಷಧಕ್ಕೆ ಮುನ್ನ ಪಶುವೈದ್ಯರ ಪರೀಕ್ಷೆಯೂ ನೀರಿನ ಪರೀಕ್ಷೆಯೂ ಆಗಬೇಕು.

ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಸ್ಫಟಿಕ ಮತ್ತು ಸುಣ್ಣವನ್ನು ಬಳಸುವ ನಲಗೊಂಡ ವಿಧಾನವು ಮನೆಬಳಕೆಗೆ ಒದಗೀತು. ದಿನವೊಂದಕ್ಕೆ ಹತ್ತಾರು ಲೀಟರ್ ಕುಡಿಯುವ ಎಮ್ಮೆಗೆ ಕೆರೆಯ ನೀರು ಅಥವಾ ಸಂಗ್ರಹಿಸಿದ ಮಳೆನೀರೇ ಸುಲಭ. ಖನಿಜ ಮಿಶ್ರಣ ಕೊಳ್ಳುವಾಗಲೂ ಎಚ್ಚರ ಬೇಕು: ಫ್ಲೋರೈಡ್ ತೆಗೆಯದ ಶಿಲಾರಂಜಕವನ್ನು ಅದಕ್ಕೆ ಬೆರೆಸಿದ್ದರೆ ಮೇವೇ ವಿಷವಾಗುತ್ತದೆ. ಅಲ್ಯೂಮಿನಿಯಂ ಕಾರ್ಖಾನೆ, ಇಟ್ಟಿಗೆ ಗೂಡುಗಳ ಹೊಗೆ ಬೀಳುವ ಹುಲ್ಲಿನ ವಿಷಯವೂ ಹೀಗೆಯೇ.

ನೀರು, ಮೇವು ಬದಲಾದ ಮೇಲೆ ಮೂಳೆಯಲ್ಲಿನ ಫ್ಲೋರೈಡ್ ಮೂತ್ರದ ಮೂಲಕ ನಿಧಾನವಾಗಿ ಹೊರಬೀಳುತ್ತದೆ. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಹಲ್ಲಿನ ಮಚ್ಚೆ ಮಾತ್ರ ಮಾಸುವುದಿಲ್ಲ.