ಹೊಸ ಸಂದೇಶ ತಂತ್ರಾಂಶಕ್ಕಾಗಿ ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯನ್ನು ಬದಲಾಯಿಸಬೇಕೆ?

(ಗ್ರಾಮ ಪಂಚಾಯಿತಿ ಸದಸ್ಯರು, ಸಿಬ್ಬಂದಿ ಹಾಗೂ ಸಹಕಾರ ಸಂಘಗಳ ಕಾರ್ಯದರ್ಶಿಗಳಿಗಾಗಿ ಅಧ್ಯಯನ ಪಾಠ)

1. ಪೀಠಿಕೆ

ಗದಗ-ಬೆಟಗೇರಿಯ ಕಚೇರಿಗಳಿಂದ ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳವರೆಗೆ ಸಭೆಯ ಸೂಚನೆ, ವರದಿಯ ನಮೂನೆ, ಕಾಮಗಾರಿಯ ಛಾಯಾಚಿತ್ರ ಮುಂತಾದವು ಇಂದು ಬಹುಪಾಲು ಸಂದೇಶ ತಂತ್ರಾಂಶಗಳ ಮೂಲಕವೇ ಸಾಗುತ್ತಿವೆ. ವಾಟ್ಸ್‌ಆ್ಯಪ್ ಮೊದಲೇ ಬಳಕೆಯಲ್ಲಿತ್ತು. ಎನ್‌ಐಸಿ ರೂಪಿಸಿದ ಸಂದೇಸ್, ಜೋಹೊ ಸಂಸ್ಥೆಯ ಅರಟ್ಟೈ ಮೊದಲಾದವು ಅನಂತರ ಬಂದವು. ಇಂತಹ ತಂತ್ರಾಂಶವೊಂದನ್ನು ಕಚೇರಿಯ ಹಳೆಯ ಗಣಕಯಂತ್ರದಲ್ಲಿ ಅಳವಡಿಸಲು ಹೋದಾಗ, ಹೊಸ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣಾ ವ್ಯವಸ್ಥೆ, ಬೇಕೆಂಬ ಸೂಚನೆ ಪರದೆಯ ಮೇಲೆ ಮೂಡುವುದುಂಟು.

ಆ ಸೂಚನೆಯನ್ನು ಕಂಡೊಡನೆ ಕೆಲವರು ವ್ಯವಸ್ಥೆಯನ್ನು ಬದಲಾಯಿಸಿಬಿಡುತ್ತಾರೆ. ಕೆಲವರು ತಂತ್ರಾಂಶದ ಗೊಡವೆಯನ್ನೇ ಬಿಡುತ್ತಾರೆ. ಎರಡೂ ಅವಸರದ ನಿರ್ಧಾರಗಳೇ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ಸಂದೇಶ ತಂತ್ರಾಂಶಕ್ಕಾಗಿ ಕಾರ್ಯಾಚರಣಾ ವ್ಯವಸ್ಥೆಯನ್ನು ಬದಲಾಯಿಸಬೇಕೆ ಎಂಬುದು ಒಂದು. ಈಗಿರುವ ವ್ಯವಸ್ಥೆಯ ಭದ್ರತೆಯ ಆಯುಷ್ಯ ಮುಗಿದಿದೆಯೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಾಮಾನ್ಯವಾಗಿ ‘ಬೇಡ’ ಎಂಬುದೇ ಉತ್ತರ. ಎರಡನೆಯದಕ್ಕೆ ‘ಮುಗಿದಿದೆ’ ಎಂಬ ಉತ್ತರ ಬಂದರೆ, ಸಂದೇಶ ತಂತ್ರಾಂಶ ಇರಲಿ ಬಿಡಲಿ, ಬದಲಾವಣೆ ಅನಿವಾರ್ಯ. ಈ ಎರಡನ್ನೂ ಬಿಡಿಸಿ ನೋಡುವುದೇ ಪ್ರಸ್ತುತ ಪಾಠದ ಉದ್ದೇಶ.

2. ತಂತ್ರಾಂಶವು ವ್ಯವಸ್ಥೆಯನ್ನು ಅವಲಂಬಿಸುವುದೇಕೆ?

ಗಣಕಯಂತ್ರದ ಕೀಲಿಮಣೆ, ಪರದೆ, ಮುದ್ರಕ, ಕಡತ, ಅಂತರ್ಜಾಲ ಸಂಪರ್ಕ ಇವೆಲ್ಲವನ್ನೂ ನಡೆಸುವ ಮೂಲ ತಂತ್ರಾಂಶವೇ ಕಾರ್ಯಾಚರಣಾ ವ್ಯವಸ್ಥೆ. ಉಳಿದ ತಂತ್ರಾಂಶಗಳು ತಮ್ಮ ಅನೇಕ ಕೆಲಸಗಳನ್ನು ಅದರಿಂದಲೇ ಮಾಡಿಸಿಕೊಳ್ಳುತ್ತವೆ. ಕನ್ನಡದ ಬರಹ ಇದಕ್ಕೆ ಉತ್ತಮ ನಿದರ್ಶನ. ‘ಲಕ್ಷ್ಮೇಶ್ವರ’ ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು 4. ಆದರೆ ಯುನಿಕೋಡ್ ಪದ್ಧತಿಯಲ್ಲಿ ಅದು 11 ಸಂಕೇತಗಳ ಸಾಲಾಗಿ ಶೇಖರಗೊಳ್ಳುತ್ತದೆ. ಒತ್ತಕ್ಷರ, ದೀರ್ಘಗಳನ್ನು ತಕ್ಕ ಸ್ಥಾನದಲ್ಲಿ ಕೂರಿಸಿ ಪರದೆಯ ಮೇಲೆ ತೋರಿಸುವ ಕಾರ್ಯವನ್ನು ಹೆಚ್ಚಾಗಿ ಕಾರ್ಯಾಚರಣಾ ವ್ಯವಸ್ಥೆಯೇ ನಿರ್ವಹಿಸುತ್ತದೆ.

ವಿಂಡೋಸ್ 98ರಲ್ಲಿ ಕನ್ನಡ ಯುನಿಕೋಡ್‌ಗೆ ಈ ಅನುಕೂಲವಿರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಅಕ್ಷರಶೈಲಿಯೊಡನೆ ಅದನ್ನು ಒದಗಿಸಿತು. ಆ ಕಾಲದಲ್ಲಿ ಕನ್ನಡದಲ್ಲಿ ಸಂದೇಶ ಕಳುಹಿಸಲು ಹೊಸ ವ್ಯವಸ್ಥೆ ಬೇಕೆಂದು ಹೇಳಿದ್ದರೆ ಅದು ನ್ಯಾಯವಾದ ಬೇಡಿಕೆಯೇ ಆಗುತ್ತಿತ್ತು.

ಗೋಪ್ಯತೆಯ ವಿಷಯವೂ ಹೀಗೆಯೇ. ಸಂದೇಶವು ದಾರಿಯಲ್ಲಿ ಅನ್ಯರ ಕಣ್ಣಿಗೆ ಬೀಳದಂತೆ ಕಾಪಾಡುವ ಟಿಎಲ್‌ಎಸ್ ಎಂಬ ಸಂಪರ್ಕ ನಿಯಮದ 1.0 ಮತ್ತು 1.1 ಆವೃತ್ತಿಗಳನ್ನು 2021ರ ಮಾರ್ಚ್‌ನಲ್ಲಿ ಅಂತರ್ಜಾಲ ಮಾನಕ ಮಂಡಳಿಯಾದ ಐಇಟಿಎಫ್ ಕೈಬಿಟ್ಟಿತು. 2008ರ 1.2 ಮತ್ತು 2018ರ 1.3 ಆವೃತ್ತಿಗಳೇ ಈಗ ಚಲಾವಣೆಯಲ್ಲಿವೆ. ಇವುಗಳನ್ನು ಅರಿಯದ ಹಳೆಯ ವ್ಯವಸ್ಥೆಯೊಡನೆ ಸಂಪರ್ಕ ಬೆಳೆಸಲು ತಂತ್ರಾಂಶ ನಿರಾಕರಿಸಿದರೆ ಅದನ್ನು ತಪ್ಪೆನ್ನಲಾಗದು.

3. ಬೇಡಿಕೆ ಮಿತಿಮೀರುವುದು ಯಾವಾಗ?

ಎಲ್ಲ ಬೇಡಿಕೆಗಳ ಹಿಂದೆಯೂ ಇಂತಹ ಕಾರಣವಿರುವುದಿಲ್ಲ. ಹಲವು ವೇಳೆ ತಯಾರಕರಿಗೆ ಹಳೆಯ ಯಂತ್ರಗಳಲ್ಲಿ ಪರೀಕ್ಷಿಸುವ ಶ್ರಮ ತಪ್ಪಲಿ ಎಂಬುದಷ್ಟೇ ಕಾರಣವಾಗಿರುತ್ತದೆ. ಭಾರತ ಸರ್ಕಾರವು 2010ರ ಜುಲೈನಲ್ಲಿ ರೂಪಾಯಿಗೆ ₹ ಚಿಹ್ನೆಯನ್ನು ಅಂಗೀಕರಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಯುನಿಕೋಡ್‌ಗೆ ಸೇರಿತು. 2009ರಲ್ಲಿಯೇ ಮಾರುಕಟ್ಟೆಗೆ ಬಂದಿದ್ದ ವಿಂಡೋಸ್ 7 ಈ ಚಿಹ್ನೆಯನ್ನು ಅರಿಯದಾಗಿತ್ತು. ಅದಕ್ಕಾಗಿ ಯಾರೂ ಹೊಸ ವ್ಯವಸ್ಥೆಯನ್ನು ಕೊಳ್ಳಬೇಕಾಗಲಿಲ್ಲ. ಮೈಕ್ರೋಸಾಫ್ಟ್ ನೀಡಿದ ಒಂದು ಚಿಕ್ಕ ಪರಿಷ್ಕರಣೆಯಿಂದಲೇ ಕೆಲಸ ನೆರವೇರಿತು.

ಅಂತೆಯೇ, ವಾಟ್ಸ್‌ಆ್ಯಪ್‌ನ ಗಣಕಯಂತ್ರ ಆವೃತ್ತಿಗೆ ವಿಂಡೋಸ್ 10 ಅಥವಾ ಅನಂತರದ ವ್ಯವಸ್ಥೆ ಬೇಕು. ಆದರೆ 2015ರಿಂದ ಲಭ್ಯವಿರುವ ವಾಟ್ಸ್‌ಆ್ಯಪ್ ವೆಬ್‌ಗೆ ಬ್ರೌಸರ್ ಒಂದೇ ಸಾಕು. ಸಂದೇಸ್‌ಗೂ ಬ್ರೌಸರ್ ಮೂಲಕ ಬಳಸುವ ದಾರಿಯಿದೆ. ನಾಲ್ಕು ಸಾಲಿನ ಸೂಚನೆಯನ್ನು ಓದಲು ಇಡೀ ಗಣಕಯಂತ್ರವನ್ನು ಬದಲಾಯಿಸಬೇಕಾಗಿ ಬಂದರೆ ಅದು ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ.

‘ಬದಲಾಯಿಸುವುದು’ ಎಂದರೆ ಎಷ್ಟೋ ಸಂದರ್ಭಗಳಲ್ಲಿ ಹೊಸ ಯಂತ್ರವನ್ನೇ ಖರೀದಿಸುವುದು ಎಂದರ್ಥ. 2021ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹಾಗೂ ಅಂಗೀಕೃತ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್ ಪ್ರೊಸೆಸರ್‌ಗಳ ಪೈಕಿ ಬಹುಮಟ್ಟಿಗೆ 8ನೆಯ ತಲೆಮಾರಿನಿಂದ ಈಚಿನವು ಮಾತ್ರ ಆ ಪಟ್ಟಿಯಲ್ಲಿವೆ. ಚೆನ್ನಾಗಿ ನಡೆಯುತ್ತಿರುವ ಹಳೆಯ ಯಂತ್ರವೂ ಈ ಕಾರಣದಿಂದ ಅನರ್ಹವಾಗಬಹುದು.

4. ಭದ್ರತೆಯ ಪ್ರಶ್ನೆ

ಹಾಗೆಂದು ಹಳೆಯದನ್ನೇ ನೆಚ್ಚಿ ಕೂರುವುದೂ ಸರಿಯಲ್ಲ. ಪ್ರತಿಯೊಂದು ಕಾರ್ಯಾಚರಣಾ ವ್ಯವಸ್ಥೆಗೂ ತಯಾರಕರು ಭದ್ರತಾ ಪರಿಷ್ಕರಣೆ ನೀಡುವ ಕೊನೆಯ ದಿನವೊಂದಿದೆ. ವಿಂಡೋಸ್ ಎಕ್ಸ್‌ಪಿಗೆ ಅದು 2014ರ ಏಪ್ರಿಲ್ 8, ವಿಂಡೋಸ್ 7ಕ್ಕೆ 2020ರ ಜನವರಿ 14, ವಿಂಡೋಸ್ 8.1ಕ್ಕೆ 2023ರ ಜನವರಿ 10. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದಕ್ಕೆ ಮುಂದಿನ ಪರಿಷ್ಕರಣೆಗಳನ್ನು ಪಡೆಯಲು ವಿಸ್ತರಿತ ಭದ್ರತಾ ಯೋಜನೆಗೆ ಸೇರಬೇಕು. ಸಂಸ್ಥೆಗಳಿಗೆ ಇದು ಹಣ ತೆತ್ತು ಗರಿಷ್ಠ 3 ವರ್ಷ ಪಡೆಯಬಹುದಾದ ಸೌಲಭ್ಯ.

ಬ್ರೌಸರ್ ದಾರಿಯೂ ಈ ದಿನಾಂಕಗಳಿಂದ ಮುಕ್ತವಲ್ಲ. ವಿಂಡೋಸ್ 7 ಮತ್ತು 8.1ಕ್ಕೆ ಕ್ರೋಮ್‌ನ 109ನೆಯ ಆವೃತ್ತಿಯೇ ಕೊನೆಯದು. 2023ರ ಫೆಬ್ರವರಿಯ 110ನೆಯ ಆವೃತ್ತಿಯಿಂದ ವಿಂಡೋಸ್ 10 ಬೇಕಾಯಿತು. ಪುಟ ತೆರೆದುಕೊಳ್ಳುತ್ತಿದೆ ಎಂದ ಮಾತ್ರಕ್ಕೆ ಯಂತ್ರ ಸುರಕ್ಷಿತವಾಗಿದೆ ಎಂದು ಭಾವಿಸಬಾರದು.

2017ರ ಮೇ 12ರಂದು ಹರಡಿದ ವನ್ನಾಕ್ರೈ ಎಂಬ ಕುತಂತ್ರಾಂಶವು ಅನೇಕ ದೇಶಗಳ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಸುಳಿದ ದೋಷಕ್ಕೆ ಅದೇ ವರ್ಷದ ಮಾರ್ಚ್ 14ರಂದೇ ಪರಿಷ್ಕರಣೆ ಹೊರಬಂದಿತ್ತು. ಹೆಚ್ಚಾಗಿ ಬಾಧಿತವಾದದ್ದು ಆಗ ಬೆಂಬಲವಿದ್ದ ವಿಂಡೋಸ್ 7. ಪರಿಷ್ಕರಣೆಯನ್ನು ಅಳವಡಿಸಿಕೊಳ್ಳದ ಯಂತ್ರಗಳು ಬಲಿಯಾದವು. ಹೊಸ ವ್ಯವಸ್ಥೆ ಇದ್ದರಷ್ಟೇ ಸಾಲದು, ಅದನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತಿರಬೇಕು ಎಂಬುದು ಇದರಿಂದ ತಿಳಿಯುತ್ತದೆ. ಭದ್ರತೆ ಕಳೆದುಕೊಂಡ ಯಂತ್ರದಲ್ಲಿ ಎಂತಹ ಗೋಪ್ಯ ಸಂದೇಶ ತಂತ್ರಾಂಶವನ್ನು ಅಳವಡಿಸಿದರೂ, ಗೋಡೆ ಬಿದ್ದ ಮನೆಯ ಬಾಗಿಲಿಗೆ ಬೀಗ ಹಾಕಿದಂತೆಯೇ ಸರಿ.

5. ಬದಲಾಯಿಸುವ ಮುನ್ನ ನೋಡಬೇಕಾದದ್ದು

ಗ್ರಾಮ ಪಂಚಾಯಿತಿಯ ಗಣಕಯಂತ್ರ ಸಂದೇಶಕ್ಕಷ್ಟೇ ಮೀಸಲಾದದ್ದಲ್ಲ. ಹಣ ಪಾವತಿಗೆ ಬಳಸುವ ಡಿಜಿಟಲ್ ಸಹಿಯ ಡಾಂಗಲ್, ಬೆರಳಚ್ಚು ಸಾಧನ, ಮುದ್ರಕ, ಸ್ಕ್ಯಾನರ್ ಇವೆಲ್ಲಕ್ಕೂ ಆಯಾ ಕಾರ್ಯಾಚರಣಾ ವ್ಯವಸ್ಥೆಗೆ ತಕ್ಕ ಚಾಲಕ ತಂತ್ರಾಂಶ ಬೇಕು. ಅದು ಹೊಸ ವ್ಯವಸ್ಥೆಗೆ ಹೊಂದದಿದ್ದರೆ ಸಂದೇಶ ಬಂದೀತು, ಕೂಲಿ ಪಾವತಿ ನಿಂತೀತು. ಮಾರ್ಚ್ ಅಂತ್ಯದ ಲೆಕ್ಕ ಮುಗಿಸುವ ದಿನಗಳಲ್ಲಿ ಇಂತಹ ಬದಲಾವಣೆಗೆ ಕೈಹಾಕುವುದು ಎಷ್ಟು ಮಾತ್ರಕ್ಕೂ ತರವಲ್ಲ.

ಕಡತಗಳದ್ದು ಇನ್ನೊಂದು ಪ್ರಶ್ನೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಲ್ಲಿ, ಅದರ ಹಳೆಯ ಸಂಕೇತ ಪದ್ಧತಿಯಂತೆ ಸಿದ್ಧಪಡಿಸಿದ ಗ್ರಾಮ ಸಭೆಯ ನಡಾವಳಿ, ಠರಾವುಗಳು ಅನೇಕ ಕಚೇರಿಗಳಲ್ಲಿವೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ, ಅಥವಾ ಅದರ ಸಾಲನ್ನು ಸಂದೇಶದಲ್ಲಿ ಅಂಟಿಸಿದರೆ, ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆದ್ದರಿಂದ ಅವುಗಳ ಪ್ರತಿ ತೆಗೆದಿರಿಸಿ, ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿವೆಯೆ ಎಂದು ಓದಿ ನೋಡಿದ ಮೇಲೆಯೇ ಬದಲಾವಣೆಗೆ ತೊಡಗುವುದು ಲೇಸು.

ಮುದ್ರಣ ಕಾಶಿ ಎಂದು ಹೆಸರಾದ ಗದಗಿನಲ್ಲಿ ಇದೇ ಪ್ರಶ್ನೆಗೆ ಬೇರೊಂದು ಮುಖವಿದೆ. ಪೇಜ್‌ಮೇಕರ್‌ನಲ್ಲಿ ಅಕ್ಷರ ಜೋಡಣೆ ಮಾಡುವ ಮುದ್ರಣಾಲಯಕ್ಕೆ ಹಳೆಯ ವ್ಯವಸ್ಥೆಯೇ ಅನುಕೂಲ. ಆ ತಂತ್ರಾಂಶ ಯುನಿಕೋಡ್ ಕನ್ನಡವನ್ನು ಅರಿಯದು. ಆದರೆ ಗಿರಾಕಿಗಳು ಕರಪತ್ರ, ಲಗ್ನಪತ್ರಿಕೆಗಳ ಒಕ್ಕಣೆಯನ್ನು ಕಳುಹಿಸುವುದು ಮೊಬೈಲ್‌ನಿಂದ, ಯುನಿಕೋಡ್‌ನಲ್ಲಿ. ಇಲ್ಲಿ ಜೋಡಣೆಯ ಯಂತ್ರವನ್ನು ಅಂತರ್ಜಾಲದಿಂದ ದೂರವಿಟ್ಟು, ಸಂದೇಶಗಳನ್ನು ಬೇರೊಂದು ಸುರಕ್ಷಿತ ಯಂತ್ರದಲ್ಲಿ ಪಡೆದು, ಪರಿವರ್ತಿಸಿ ಸಾಗಿಸುವುದೇ ವಿವೇಕದ ಮಾರ್ಗ. ಸಾಗಿಸುವ ಪೆನ್‌ಡ್ರೈವ್ ಅನ್ನು ಪ್ರತಿ ಬಾರಿಯೂ ಪರೀಕ್ಷಿಸಬೇಕು.

6. ನಿರ್ಧಾರದ ಕ್ರಮ

ಕಚೇರಿಯ ಯಂತ್ರಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು.

(ಅ) ವಿಂಡೋಸ್ 7, 8.1 ಅಥವಾ ಅದಕ್ಕಿಂತ ಹಳೆಯ ವ್ಯವಸ್ಥೆಯ ಯಂತ್ರಗಳು: ಇವುಗಳನ್ನು ಸಂದೇಶಕ್ಕಾಗಲಿ, ಸರ್ಕಾರಿ ಜಾಲತಾಣಗಳ ಲಾಗಿನ್‌ಗಾಗಲಿ ಬಳಸಬಾರದು. ಹಳೆಯ ಕಡತಗಳನ್ನು ನೋಡಲು ಅಂತರ್ಜಾಲವಿಲ್ಲದೆ ಇರಿಸಿಕೊಳ್ಳಬಹುದು. ಇಲ್ಲವೆ ಲಿನಕ್ಸ್ ಆಧಾರಿತ ಉಚಿತ ವ್ಯವಸ್ಥೆಯನ್ನು ಅಳವಡಿಸಬಹುದು. ಸಿ-ಡ್ಯಾಕ್ ಸಂಸ್ಥೆಯ ‘ಬಾಸ್’ ಇಂತಹದೊಂದು. ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ಬಹುಕಾಲದಿಂದ ಬಳಕೆಯಲ್ಲಿದೆ. ಆದರೆ ನುಡಿ ವಿಂಡೋಸ್‌ಗಾಗಿ ರೂಪಿಸಿದ ತಂತ್ರಾಂಶ ಎಂಬುದನ್ನು ಗಮನದಲ್ಲಿರಿಸಿ, ಸಹಿ ಡಾಂಗಲ್ ಕೆಲಸ ಮಾಡುತ್ತದೆಯೆ ಎಂದು ಮೊದಲೇ ಪರೀಕ್ಷಿಸಬೇಕು.

(ಆ) ವಿಂಡೋಸ್ 11ಕ್ಕೆ ಅರ್ಹವಾದ ವಿಂಡೋಸ್ 10 ಯಂತ್ರಗಳು: ಈ ಬದಲಾವಣೆಗೆ ಪ್ರತ್ಯೇಕ ಶುಲ್ಕವಿಲ್ಲ. ಕಡತಗಳ ಪ್ರತಿ ತೆಗೆದು, ಒಂದು ಯಂತ್ರದಲ್ಲಿ ಪ್ರಯೋಗಿಸಿ, ಅನಂತರ ಉಳಿದವನ್ನು ಬದಲಾಯಿಸಬೇಕು. ಇಲ್ಲಿ ಕಾರಣ ಭದ್ರತೆಯೇ ಹೊರತು ಸಂದೇಶ ತಂತ್ರಾಂಶವಲ್ಲ.

(ಇ) ಅರ್ಹವಲ್ಲದ ವಿಂಡೋಸ್ 10 ಯಂತ್ರಗಳು: ವಿಸ್ತರಿತ ಭದ್ರತಾ ಯೋಜನೆಗೆ ಸೇರುವುದು, ಲಿನಕ್ಸ್ ಅಳವಡಿಸುವುದು, ಇಲ್ಲವೆ ಮುಂದಿನ ಕ್ರಿಯಾ ಯೋಜನೆಯಲ್ಲಿ ಹೊಸ ಯಂತ್ರಕ್ಕೆ ಅವಕಾಶ ಕಲ್ಪಿಸುವುದು, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಹೊಸ ಖರೀದಿಯ ವೇಳೆ ಯಂತ್ರದ ಖಾತರಿಯ ಅವಧಿಯನ್ನಷ್ಟೇ ಕೇಳಿದರೆ ಸಾಲದು; ಅದರ ವ್ಯವಸ್ಥೆಗೆ ಎಂದಿನವರೆಗೆ ಭದ್ರತಾ ಪರಿಷ್ಕರಣೆ ದೊರೆಯುತ್ತದೆ ಎಂಬುದನ್ನೂ ಕೇಳಿ ದಾಸ್ತಾನು ವಹಿಯಲ್ಲಿ ಬರೆದಿಡಬೇಕು. ಸಹಕಾರ ಸಂಘಗಳಿಗೂ ಈ ಮಾತು ಅನ್ವಯಿಸುತ್ತದೆ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಆರಂಭವಾದ ಸಹಕಾರ ಚಳವಳಿಯ ಹಾದಿ ಇಂದು ಗಣಕಯಂತ್ರದ ಲೆಕ್ಕದವರೆಗೆ ಬಂದಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಅನುಮೋದಿಸಿತು. ರೈತರ ಸಾಲದ ಲೆಕ್ಕವಿರುವ ಯಂತ್ರದ ಭದ್ರತೆ ಕಾರ್ಯದರ್ಶಿಯೊಬ್ಬರ ಅನುಕೂಲದ ವಿಷಯವಲ್ಲ; ಅದು ಎಲ್ಲ ಸದಸ್ಯರ ಹಿತದ ವಿಷಯ.

7. ಸಂದೇಶ ತಲುಪಿಸುವ ಹೊಣೆ ಯಾರದು?

ಈವರೆಗಿನ ವಿವೇಚನೆ ಸಂದೇಶ ಪಡೆಯುವವರನ್ನು ಕುರಿತದ್ದು. ಕಳುಹಿಸುವವರಿಗೂ ಹೊಣೆಯಿದೆ. ಡಂಗುರ ಸಾರುವವನು ಮನೆಯ ಬಾಗಿಲು ಹೊಸದೇ ಹಳೆಯದೇ ಎಂದು ನೋಡುತ್ತಿರಲಿಲ್ಲ. ಓಣಿಯ ಎಲ್ಲರಿಗೂ ಕೇಳುವಂತೆ ಸಾರುತ್ತಿದ್ದ. ಇ-ಮೇಲ್‌ನ ಗುಣವೂ ಅದೇ. 1982ರಲ್ಲಿ ರೂಪುಗೊಂಡ ಮುಕ್ತ ನಿಯಮದ ಆಧಾರದ ಮೇಲೆ ನಡೆಯುವ ಅದು ಯಾವ ಸಂಸ್ಥೆಯ ಯಾವ ವ್ಯವಸ್ಥೆಗೂ ತಲುಪುತ್ತದೆ. ಸಾಧಾರಣ ಮೊಬೈಲ್‌ಗೂ ಎಸ್‌ಎಂಎಸ್ ಹೋಗುತ್ತದೆ. ಕನ್ನಡದ ಒಂದು ಎಸ್‌ಎಂಎಸ್‌ನಲ್ಲಿ ಹಿಡಿಯುವುದು 70 ಸಂಕೇತಗಳು ಮಾತ್ರ. ‘ಲಕ್ಷ್ಮೇಶ್ವರ’ಕ್ಕೇ 11 ಬೇಕಾಗುವುದರಿಂದ ದಿನ, ವೇಳೆ, ಸ್ಥಳಗಳಷ್ಟನ್ನೇ ಚುಟುಕಾಗಿ ಬರೆಯಬೇಕು.

ತುಂಗಭದ್ರೆಯ ದಂಡೆಯಲ್ಲಿರುವ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಗ್ರಾಮಗಳಿಗೆ ಮಳೆಗಾಲದಲ್ಲಿ ನೀರಿನ ಮಟ್ಟದ ಎಚ್ಚರಿಕೆ ತಲುಪಿಸಬೇಕಾದ ಸಂದರ್ಭವನ್ನು ಊಹಿಸಬಹುದು. ಅದು ಹೊಸ ತಂತ್ರಾಂಶವುಳ್ಳವರಿಗಷ್ಟೇ ತಲುಪಿದರೆ, ನದಿಗೆ ದನ ಹೊಡೆದುಕೊಂಡು ಹೋದವನಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಮುಖ್ಯ ಸೂಚನೆಗೆ ಎಂದಿಗೂ ಕನಿಷ್ಠ ಎರಡು ದಾರಿಗಳಿರಬೇಕು. ಅವುಗಳಲ್ಲಿ ಒಂದು ಯಾವ ಹೊಸ ಯಂತ್ರವನ್ನೂ ಬೇಡದಂತಿರಬೇಕು. ಕಚೇರಿಗಾಗಿ ತಂತ್ರಾಂಶವನ್ನು ಆಯ್ಕೆ ಮಾಡುವವರು, ಅಧೀನ ಕಚೇರಿಗಳಲ್ಲಿರುವ ಸುರಕ್ಷಿತ ಯಂತ್ರಗಳಲ್ಲಿ ಅದು ನಡೆಯುತ್ತದೆಯೆ ಎಂಬುದನ್ನು ಮೊದಲು ವಿಚಾರಿಸಬೇಕು.

8. ಸಾರಾಂಶ

ಸಂದೇಶ ತಂತ್ರಾಂಶವು ಕಚೇರಿಯ ಯಂತ್ರಕ್ಕೆ ಹೊಂದಬೇಕು. ಅದೊಂದರ ಸಲುವಾಗಿ ಯಂತ್ರವನ್ನು ಬದಲಾಯಿಸಬೇಕಾಗಿಲ್ಲ. ಭದ್ರತಾ ಪರಿಷ್ಕರಣೆ ನಿಂತ ವ್ಯವಸ್ಥೆಯನ್ನು ಮಾತ್ರ, ಯಾವ ತಂತ್ರಾಂಶ ಕೇಳದಿದ್ದರೂ, ಅಂತರ್ಜಾಲದಿಂದ ತೆಗೆಯಬೇಕು ಅಥವಾ ಬದಲಾಯಿಸಬೇಕು. ಪಾವತಿ, ಕಡತ, ಮುದ್ರಣಗಳಿಗೆ ಅಡ್ಡಿಯಾಗದಂತೆ ಆ ಬದಲಾವಣೆ ನಡೆಯಬೇಕು.

ಅಭ್ಯಾಸ

1. ಕಚೇರಿಯ ಪ್ರತಿ ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯ ಹೆಸರು, ಆವೃತ್ತಿ ಹಾಗೂ ಭದ್ರತಾ ಬೆಂಬಲದ ಕೊನೆಯ ದಿನವನ್ನು ಪಟ್ಟಿ ಮಾಡಿರಿ.
2. ಅವುಗಳಿಗೆ ಜೋಡಿಸಿರುವ ಯಾವ ಯಾವ ಸಾಧನಗಳಿಗೆ ಚಾಲಕ ತಂತ್ರಾಂಶ ಬೇಕೆಂಬುದನ್ನು ಬರೆಯಿರಿ.
3. ಹಳೆಯ ಸಂಕೇತ ಪದ್ಧತಿಯ ಒಂದು ನಡಾವಳಿಯನ್ನು ಯುನಿಕೋಡ್‌ಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ನೋಡಿರಿ.
4. ಗ್ರಾಮ ಸಭೆಯ ಸೂಚನೆಯೊಂದನ್ನು 70 ಸಂಕೇತಗಳ ಮಿತಿಯೊಳಗೆ ಕನ್ನಡದಲ್ಲಿ ರಚಿಸಿರಿ.