ಬಾಟಲಿ ಬಿಟ್ಟು ಪಾಕೀಟಿಗೆ ಕೈ ಹಾಕಿದ ಕಂಪನಿ

ಕಂಪನಿಯೊಂದು ಹೊಸ ವ್ಯಾಪಾರಕ್ಕೆ ಇಳಿಯುತ್ತೇನೆ ಎಂದು ಪ್ರಕಟಿಸಿದಾಗ ಷೇರುದಾರರ ಬಾಯಲ್ಲಿ ಮೊದಲು ಬರುವ ಮಾತು ‘ಮಾರ್ಕೆಟ್ ಎಷ್ಟು ದೊಡ್ಡದು’ ಎಂಬುದು. ನನ್ನ ಪ್ರಶ್ನೆ ಬೇರೆ. ಹಾಕಿದ ರೂಪಾಯಿ ಎಷ್ಟು ತಿಂಗಳಿಗೆ ಮರಳಿ ಕೈಗೆ ಬರುತ್ತದೆ? ಅಲ್ಲಿಯತನಕ ವ್ಯಾಪಾರ ಯಾರ ದುಡ್ಡಿನ ಮೇಲೆ ನಡೆಯುತ್ತದೆ? ಇದನ್ನು ನಾನು ಕಲಿತದ್ದು ತಿಕೋಟಾ ಸುತ್ತಲಿನ ಒಣದ್ರಾಕ್ಷಿ ಶೆಡ್ಡುಗಳ ಲೆಕ್ಕಪತ್ರ ನೋಡುತ್ತ.

ವಿಜಯಪುರದಲ್ಲಿ ತೆರಿಗೆ ಸಲಹೆಗಾರನಾಗಿರುವುದರಿಂದ ನನ್ನ ಬಳಿ ಬರುವವರಲ್ಲಿ ಒಣದ್ರಾಕ್ಷಿ ವ್ಯಾಪಾರಿಗಳು, ದ್ರಾಕ್ಷಿ ಬೆಳೆಗಾರರು, ಗೊಬ್ಬರ–ಔಷಧದ ಅಂಗಡಿಯವರೇ ಹೆಚ್ಚು. ಇವರಲ್ಲಿ ಕೆಲವರ ಡಿಮ್ಯಾಟ್ ಖಾತೆಯಲ್ಲಿ, ನನ್ನದರಲ್ಲೂ, ಒಂದು ಸಣ್ಣ ಜೈವಿಕ ತಂತ್ರಜ್ಞಾನ ಕಂಪನಿಯ ಷೇರು ಇತ್ತು. ಹೆಸರು ಬೇಡ. ಹೊರರಾಜ್ಯದ ಕಂಪನಿ. ಟ್ರೈಕೋಡರ್ಮಾ, ಸ್ಯೂಡೋಮೊನಾಸ್‌ನಂಥ ಜೈವಿಕ ಔಷಧಗಳನ್ನೂ, ದ್ರಾಕ್ಷಿ ಗೊನೆ ಅದ್ದುವ ಜಿಬ್ಬರೆಲಿಕ್ ಆಮ್ಲವನ್ನೂ ತಯಾರಿಸುತ್ತದೆ. ನಮ್ಮ ರೈತರ ಬಾಯಲ್ಲಿ ಅದು ಬರೀ ‘ಜಿಎ’. ಕಾಳು ಉದ್ದವಾಗಲು, ದಪ್ಪವಾಗಲು ಅದಿಲ್ಲದೆ ಇಲ್ಲಿ ದ್ರಾಕ್ಷಿಯೇ ಇಲ್ಲ. 1926ರಲ್ಲಿ ಜಪಾನಿನಲ್ಲಿ ಭತ್ತದ ಸಸಿಗಳನ್ನು ಉದ್ದುದ್ದ ಬೆಳೆಸಿ ಕೆಡವುತ್ತಿದ್ದ ಶಿಲೀಂಧ್ರವನ್ನು ಅಭ್ಯಾಸ ಮಾಡುವಾಗ ಬೆಳಕಿಗೆ ಬಂದ ರಹಸ್ಯವದು. ಇಂದಿಗೂ ಅದೇ ಜಾತಿಯ ಶಿಲೀಂಧ್ರವನ್ನು ದೊಡ್ಡ ಟ್ಯಾಂಕುಗಳಲ್ಲಿ ಹುದುಗಿಸಿ ಜಿಎ ತೆಗೆಯುತ್ತಾರೆ. ಬಾಟಲಿ ಗೊತ್ತಿದ್ದ ಮಂದಿ ಷೇರನ್ನೂ ನಂಬಿ ಕೊಂಡಿದ್ದರು.

ಆ ಕಂಪನಿ ಒಂದು ದಿನ ಷೇರು ವಿನಿಮಯ ಕೇಂದ್ರಕ್ಕೆ ಪತ್ರ ಬರೆಯಿತು: ಆಹಾರ ತಯಾರಿಕೆಗೆ ಇಳಿಯುತ್ತೇವೆ, ಒಣದ್ರಾಕ್ಷಿ, ಜೋಳದ ಫ್ಲೇಕ್ಸ್, ಪ್ರೋಟೀನ್ ಪುಡಿಯನ್ನು ನಮ್ಮದೇ ಬ್ರ್ಯಾಂಡಿನಲ್ಲಿ ಮಾರುತ್ತೇವೆ.

ಜಿಎಸ್‌ಟಿ ರಿಟರ್ನ್‌ಗೆಂದು ಬಂದವರು ಕಚೇರಿಯಲ್ಲೇ ವಾದಕ್ಕೆ ಕೂತರು. ಬಬಲೇಶ್ವರದ ಔಷಧದ ಅಂಗಡಿಯವರು ಪರ. “ಸಾಹೇಬ್ರ, ಅವ್ರ ಬಾಟ್ಲಿ ನನ್ನ ಅಂಗ್ಡ್ಯಾಗ ಚಾಟ್ನಿ (ಬಳ್ಳಿ ಕತ್ತರಿಸೋದು) ಆದ ಮ್ಯಾಲ ಅಷ್ಟ ಹೋಗ್ತದ. ಉಳಿದ ದಿನಾ ಕಪಾಟಿನ್ಯಾಗ ಕುಂದ್ರತದ. ತಿನ್ನೂ ಮಾಲು ದಿನಾ ಹೋಗ್ತದಲ್ರಿ” ಎಂದರು. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವರ ಮಗನದು ಇನ್ನೊಂದು ವಾದ: ಕೀಟನಾಶಕ, ಗೊಬ್ಬರದ ಕಂಪನಿಗಳ ಲಾಭಕ್ಕೆ ಪೇಟೆ ಕೊಡುವ ಬೆಲೆಗಿಂತ ಆಹಾರದ ಬ್ರ್ಯಾಂಡಿನ ಲಾಭಕ್ಕೆ ಕೊಡುವ ಬೆಲೆ ಹೆಚ್ಚು, ಅದೇ ಒಂದು ರೂಪಾಯಿ ಲಾಭ, ಷೇರಿನ ದರ ಮಾತ್ರ ಎರಡು ಪಟ್ಟು. ತಿಕೋಟಾದ ಬೆಳೆಗಾರರೊಬ್ಬರು ಸುಮ್ಮನೆ ಕೇಳುತ್ತಿದ್ದವರು ಕಡೆಗೆ ಬಾಯಿ ಬಿಟ್ಟರು: “ತಮ್ಮಾ, ಮಣೂಕ (ಒಣದ್ರಾಕ್ಷಿ) ಮಾಡಿ ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟು ದರಕ್ಕ ಕಾಯಾಕತ್ತೀವಿ ನಾವ. ಆ ಕಂಪನೀನೂ ಬಂದು ನಮ್ಮ ಬಾಜೂಕ ಕಾಯ್ತದೇನು?”

ಅವರ ಮಾತಿನಲ್ಲಿ ಇಡೀ ಬ್ಯಾಲೆನ್ಸ್ ಶೀಟ್ ಇತ್ತು.

ಶೆಡ್ಡಿನ ಲೆಕ್ಕ

ಒಣದ್ರಾಕ್ಷಿಯ ಹಣ ಹೇಗೆ ಓಡಾಡುತ್ತದೆ ನೋಡಿ. ಜನವರಿ ಕಡೆಯಿಂದ ಏಪ್ರಿಲ್‌ವರೆಗೆ ಕಟಾವು. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದುತ್ತಾರೆ. ಕಾಳಿನ ಮೇಲಿನ ಮೇಣದ ಪೊರೆ ಸಡಿಲಾಗಿ ನೀರು ಬೇಗ ಆರಲಿ ಎಂದು. ಆಮೇಲೆ ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವಿ, ನೆರಳು–ಗಾಳಿಯಲ್ಲಿ ಎರಡು ವಾರ ಬಿಡಬೇಕು. ಹೆಚ್ಚುಕಡಿಮೆ ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಈ ನಡುವೆ ಅಕಾಲಿಕ ಮಳೆ ಬಂದು ತೇವ ಹಿಡಿದರೆ ಬಣ್ಣ ಕಪ್ಪು, ದರ ಅರ್ಧ. ಕಡ್ಡಿ ತೆಗೆದು, ಜರಡಿ ಹಿಡಿದು, ಗಾತ್ರ–ಬಣ್ಣ ನೋಡಿ ಬೇರೆ ಮಾಡಿ, ಬಾಕ್ಸ್ ತುಂಬಿ ಕೋಲ್ಡ್ ಸ್ಟೋರೇಜ್‌ಗೆ. ಬಳಿಕ ವಿಜಯಪುರ ಎಪಿಎಂಸಿಗೋ, ಗಡಿಯಾಚೆಯ ಸಾಂಗ್ಲಿ, ತಾಸಗಾಂವ ಪೇಟೆಗೋ.

ಇಲ್ಲಿ ಕೊಳ್ಳುವುದು ಮೂರು ತಿಂಗಳೊಳಗೆ, ಮಾರುವುದು ವರ್ಷವಿಡೀ. ದೀಪಾವಳಿ, ರಂಜಾನ್‌ಗೆ ಬೇಡಿಕೆ ಏರುತ್ತದೆ. ಬ್ರ್ಯಾಂಡ್ ಕಟ್ಟಲು ಹೊರಟವನು ವರ್ಷವಿಡೀ ಒಂದೇ ಬಣ್ಣ, ಒಂದೇ ಗಾತ್ರದ ಕಾಳು ಕೊಡಬೇಕು. ಹಾಗಾಗಿ ಮಾರ್ಚ್–ಏಪ್ರಿಲ್‌ನಲ್ಲೇ ಮಾಲು ತುಂಬಿಕೊಳ್ಳದೆ ಗತಿಯಿಲ್ಲ. ಒಂದು ಕೋಟಿ ರೂಪಾಯಿಯ ಮಾಲು ಕೊಂಡು ಸರಾಸರಿ ಆರು ತಿಂಗಳು ಇಟ್ಟರೆ, ಶೇ 12ರ ಬಡ್ಡಿಯಲ್ಲಿ ಆರು ಲಕ್ಷ ರೂಪಾಯಿ ಅಲ್ಲೇ ಹೋಯಿತು. ಕೋಲ್ಡ್ ಸ್ಟೋರೇಜಿನ ಬಾಡಿಗೆ ಬೇರೆ. ಮಾಲು ಪಾಕೀಟಾಗಿ ಸೂಪರ್‌ಮಾರ್ಕೆಟಿಗೆ ಹೋದ ಮೇಲೆ ಎರಡು ತಿಂಗಳ ಉದ್ರಿ ಎಂದಿಟ್ಟುಕೊಳ್ಳಿ, ಇನ್ನೆರಡು ಲಕ್ಷ. ಕೋಟಿಗೆ ಎಂಟು ಲಕ್ಷ ಬಡ್ಡಿಗೇ ಮೀಸಲು. ಡಿಸ್ಟ್ರಿಬ್ಯೂಟರ್ ಕಮಿಷನ್, ಅಂಗಡಿಯವನ ಪಾಲು, ಜಾಹೀರಾತು, ಮಾರಾಟವಾಗದೆ ಮರಳಿದ ಮಾಲು ಇವೆಲ್ಲ ಆಮೇಲಿನ ಮಾತು.

ಜೈವಿಕ ಔಷಧದ ಗಣಿತ ಬೇರೆ. ಕಚ್ಚಾ ಮಾಲಿನ ಖರ್ಚು ಸಣ್ಣದು, ಲಾಭದ ಅಂಶ ದಪ್ಪ, ಬೇಡಿಕೆ ನೋಡಿಕೊಂಡು ಟ್ಯಾಂಕ್ ಹಾಕಬಹುದು. ಅದರ ರೋಗ ಇರುವುದು ವಸೂಲಿಯಲ್ಲಿ. ರೈತ ಬೆಳೆ ಮಾರಿದ ಮೇಲೆ ಅಂಗಡಿಗೆ ಕೊಡುತ್ತಾನೆ, ಅಂಗಡಿಯವನು ಆಮೇಲೆ ಕಂಪನಿಗೆ. ಈ ಕಂಪನಿಯ ವಾರ್ಷಿಕ ವರದಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದೂ ಅದೇ: ಲಾಭ ಕಾಗದದ ಮೇಲೆ ಏರುತ್ತಿತ್ತು, ಬರಬೇಕಾದ ಬಾಕಿ ಅದಕ್ಕಿಂತ ಜೋರಾಗಿ ಏರುತ್ತಿತ್ತು. ಹಣ ಆಗಲೇ ಗೊಬ್ಬರದಂಗಡಿಗಳ ಉದ್ರಿಯಲ್ಲಿ ಸಿಕ್ಕಿಕೊಂಡಿತ್ತು. ಉಳಿದದ್ದು ಕೋಲ್ಡ್ ಸ್ಟೋರೇಜಿನಲ್ಲಿ ಸಿಕ್ಕಿಕೊಳ್ಳಲಿತ್ತು.

ಪ್ರಯೋಗಾಲಯದ ವಿದ್ಯೆ ಆಹಾರಕ್ಕೂ ಬರುತ್ತದಲ್ಲ ಎನ್ನಬಹುದು. ಒಣದ್ರಾಕ್ಷಿ ಪಾಕೀಟು ಮಾಡಲು ಸೂಕ್ಷ್ಮಜೀವಿ ವಿಜ್ಞಾನಿ ಬೇಕಿಲ್ಲ. ತಿಕೋಟಾದಲ್ಲಿ ಅದನ್ನು ಮಾಡಬಲ್ಲ ಮನೆಗಳು ಬೇಕಾದಷ್ಟಿವೆ. ಕಾಯ್ದೆಯೂ ಬೇರೆಯಾಗುತ್ತದೆ. ಜಿಎ, ಟ್ರೈಕೋಡರ್ಮಾ 1968ರ ಕೀಟನಾಶಕ ಕಾಯ್ದೆಯಡಿ ಬರುತ್ತವೆ. ತಿನ್ನುವ ಪದಾರ್ಥಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ. ಔಷಧ ತುಂಬಿದ ಶೆಡ್ಡಿನಲ್ಲಿ ಮಕ್ಕಳು ತಿನ್ನುವ ಪುಡಿ ತುಂಬಲು ಯಾರೂ ಒಪ್ಪರು. ಜಾಗ, ಯಂತ್ರ, ಮಂದಿ, ಮಾರಾಟದವರು ಎಲ್ಲವೂ ಹೊಸದು. ಹಳೆಯದೆಂದರೆ ಷೇರುದಾರರ ದುಡ್ಡೊಂದೇ.

ಬಯೋಕಾನ್ ಹಿಡಿದ ದಾರಿ

ಜೈವಿಕ ತಂತ್ರಜ್ಞಾನಕ್ಕೂ ಆಹಾರಕ್ಕೂ ನಂಟಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ರಾಜ್ಯದ ದೊಡ್ಡ ಉದಾಹರಣೆಯೇ ಆ ನಂಟಿನಿಂದ ಹುಟ್ಟಿದೆ. 1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ₹10,000 ಬಂಡವಾಳ ಹಾಕಿ, ಐರ್ಲೆಂಡಿನ ಕಂಪನಿಯೊಂದರ ಜತೆಗೂಡಿ ಬಯೋಕಾನ್ ಶುರುಮಾಡಿದಾಗ ತಯಾರಿಸಿದ್ದು ಪಪ್ಪಾಯಿ ಹಾಲಿನಿಂದ ತೆಗೆದ ಪಪೈನ್ ಕಿಣ್ವ ಮತ್ತು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್. ಮೊದಲನೆಯದು ಮಾಂಸ ಮೆದು ಮಾಡಲು, ಎರಡನೆಯದು ಬಿಯರ್ ತಿಳಿ ಮಾಡಲು ಬೇಕಾಗುತ್ತಿತ್ತು.

ಬಯೋಕಾನ್ ಮಾಂಸವನ್ನೂ ಮಾರಲಿಲ್ಲ, ಬಿಯರನ್ನೂ ಮಾರಲಿಲ್ಲ. ಅವನ್ನು ತಯಾರಿಸುವವರಿಗೆ ಬೇಕಾದ ಪದಾರ್ಥ ಮಾರಿತು. ಕಿಣ್ವದಲ್ಲಿ ಕಲಿತ ಹುದುಗಿಸುವ ವಿದ್ಯೆಯನ್ನೇ ಹಿಡಿದು ಔಷಧದ ಕಡೆ ಹೊರಳಿತು. 2004ರಲ್ಲಿ ಷೇರುಪೇಟೆಗೆ ಬಂತು. ಅದೇ ವರ್ಷ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. 2007ರಲ್ಲಿ ತನ್ನ ಕಿಣ್ವದ ವ್ಯಾಪಾರವನ್ನು ಡೆನ್ಮಾರ್ಕಿನ ನೊವೊಝೈಮ್ಸ್‌ಗೆ 11.5 ಕೋಟಿ ಡಾಲರಿಗೆ ಮಾರಿ ಕೈತೊಳೆದುಕೊಂಡಿತು. ಹುಟ್ಟಿನ ಕಸುಬನ್ನೇ ಬಿಟ್ಟುಕೊಟ್ಟು, ಗಮನವನ್ನೂ ದುಡ್ಡನ್ನೂ ಒಂದೆಡೆ ಸೇರಿಸಿತು. ಆ ನೊವೊಝೈಮ್ಸ್ ಕೂಡ 2024ರಲ್ಲಿ ಕ್ರಿಸ್ಟಿಯನ್ ಹ್ಯಾನ್ಸನ್ ಎಂಬ, ಮೊಸರು–ಚೀಸ್‌ಗೆ ಹೆಪ್ಪು ಮಾಡುವ ಕಂಪನಿಯ ಜತೆ ವಿಲೀನವಾಗಿ ನೊವೊನೆಸಿಸ್ ಆಯಿತು. ಅಷ್ಟು ದೊಡ್ಡ ಕಂಪನಿಯೂ ಹೆಪ್ಪು ಮಾರುತ್ತದೆಯೇ ಹೊರತು ಮೊಸರು ಮಾರುವುದಿಲ್ಲ.

ತಿನ್ನುವವರಿಗೆ ನೇರ ಮಾರುವ ದಾರಿ ಎಷ್ಟು ದೂರ ಎಂಬುದಕ್ಕೆ ಐಟಿಸಿ ಸಾಕ್ಷಿ. 2001ರಲ್ಲಿ ಪ್ಯಾಕ್ ಮಾಡಿದ ಆಹಾರಕ್ಕೆ ಇಳಿದು, 2002ರಲ್ಲಿ ಆಶೀರ್ವಾದ್ ಹಿಟ್ಟು, 2003ರಲ್ಲಿ ಸನ್‌ಫೀಸ್ಟ್ ಬಿಸ್ಕತ್ತು ತಂದಿತು. ಆಹಾರ ಸೇರಿದ ಆ ವಿಭಾಗ ನಷ್ಟದಿಂದ ಹೊರಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟು ವರ್ಷ ಅದನ್ನು ಸಾಕಿದ್ದು ಸಿಗರೇಟಿನ ಲಾಭ. ಗುಜರಾತಿನ ಔಷಧ ಸಮೂಹದ ಝೈಡಸ್ ವೆಲ್‌ನೆಸ್ ಹೊಸ ಬ್ರ್ಯಾಂಡ್ ಕಟ್ಟುತ್ತ ಕೂರದೆ, 2019ರಲ್ಲಿ ಹೈಂಜ್ ಇಂಡಿಯಾವನ್ನು ₹4,595 ಕೋಟಿಗೆ ಕೊಂಡು ಕಾಂಪ್ಲಾನ್, ಗ್ಲುಕೋನ್-ಡಿ ಪಡೆಯಿತು. ಹೆಸರು ಕಟ್ಟುವ ಕೆಲಸಕ್ಕೆ ಅಷ್ಟು ಬೆಲೆ ಇದೆ. ಉದ್ರಿ ವಸೂಲಾಗದ ಸಣ್ಣ ಕಂಪನಿಗೆ ಐಟಿಸಿಯ ಸಿಗರೇಟೂ ಇಲ್ಲ, ಝೈಡಸ್‌ನ ಥೈಲಿಯೂ ಇಲ್ಲ.

ಇದೇ ಕಂಪನಿ, ‘ದ್ರಾಕ್ಷಿ ರಸ ತಿಳಿ ಮಾಡುವ ಪೆಕ್ಟಿನೇಸ್ ಕಿಣ್ವ, ವೈನ್ ಘಟಕಗಳಿಗೆ ಯೀಸ್ಟ್ ತಯಾರಿಸುತ್ತೇವೆ’ ಎಂದಿದ್ದರೆ ನಾನು ಮೊದಲು ಕೈ ಎತ್ತುತ್ತಿದ್ದೆ. ಅದೇ ಟ್ಯಾಂಕು, ಅದೇ ವಿಜ್ಞಾನಿಗಳು. ರಾಜ್ಯದಲ್ಲಿ ದ್ರಾಕ್ಷಿಯನ್ನು ಅತಿ ಹೆಚ್ಚು ಬೆಳೆಯುವ ನಮ್ಮ ಜಿಲ್ಲೆಯಂಥ ಕಡೆ ಅದಕ್ಕೆ ಗಿರಾಕಿಯೂ ಸಿಗುತ್ತಾನೆ.

ಕಾಗದದಲ್ಲಿ ನೋಡಬೇಕಾದ್ದು

ಇಂಥ ಪ್ರಕಟಣೆ ಬಂದಾಗ ನಾನು ನಾಲ್ಕು ಕಡೆ ಕಣ್ಣಾಡಿಸುತ್ತೇನೆ.

ಒಂದು, ಉದ್ದೇಶದ ತಿದ್ದುಪಡಿ. ಸಂಸ್ಥಾಪನಾ ಪತ್ರದಲ್ಲಿ ಹೊಸ ವ್ಯಾಪಾರ ಇಲ್ಲದಿದ್ದರೆ 2013ರ ಕಂಪನಿ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ವಿಶೇಷ ನಿರ್ಣಯ ಬೇಕು. ಪರವಾಗಿ ಬಿದ್ದ ಮತ ವಿರೋಧದ ಮತದ ಮೂರು ಪಟ್ಟಾದರೂ ಇರಬೇಕು. ಐಪಿಒದಲ್ಲಿ ಜನರಿಂದ ಎತ್ತಿದ ಹಣ ಇನ್ನೂ ಖರ್ಚಾಗದೆ ಉಳಿದಿದ್ದು, ಆ ಹಣದ ಉದ್ದೇಶವನ್ನೇ ಬದಲಿಸುವುದಾದರೆ ಕಾಯ್ದೆ ಇನ್ನೂ ಬಿಗಿ: ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಒಪ್ಪದ ಷೇರುದಾರರಿಗೆ ಹೊರಹೋಗುವ ಅವಕಾಶವನ್ನು ಪ್ರವರ್ತಕರು ಕೊಡಬೇಕು.

ಎರಡು, ಹಣದ ಮೂಲ. ಪ್ರವರ್ತಕರಿಗೆ ವಾರಂಟ್ (ಮುಂದೆ ಷೇರು ಪಡೆಯುವ ಹಕ್ಕು) ಕೊಟ್ಟು ಹಣ ಎತ್ತುವ ಪ್ರಸ್ತಾವವಿದ್ದರೆ, ಅವರು ಮೊದಲಿಗೆ ಕಟ್ಟುವುದು ಶೇ 25 ಮಾತ್ರ. ಉಳಿದದ್ದಕ್ಕೆ 18 ತಿಂಗಳ ಸಮಯ. ಅಷ್ಟರಲ್ಲಿ ಷೇರಿನ ದರ ಏರಿದರೆ ಪೂರ್ತಿ ಕಟ್ಟುತ್ತಾರೆ, ಇಳಿದರೆ ಆ 25 ಬಿಟ್ಟು ಸುಮ್ಮನಾಗಬಹುದು. ಆಗ ಕಾರ್ಖಾನೆಯ ಹಣ ಎಲ್ಲಿಂದ ಬರುತ್ತದೆ?

ಮೂರು, ಮಾಲು ಯಾರಿಂದ. ಪ್ರವರ್ತಕರ ಸಂಬಂಧಿಕರ ಸಂಸ್ಥೆಯಿಂದ ಕೊಳ್ಳುವ ಒಪ್ಪಂದವಿದ್ದರೆ ಆಹಾರ ವ್ಯಾಪಾರದ ಲಾಭ ಅವರ ಮನೆಯಲ್ಲೇ ಇಳಿದುಬಿಡಬಹುದು. ಒಣದ್ರಾಕ್ಷಿಯಲ್ಲಿ ಇದನ್ನು ಹಿಡಿಯಲು ಸಣ್ಣ ಸುಳಿವಿದೆ. ರೈತ ತಾನೇ ಬೆಳೆದು ಮಾರುವ ಒಣದ್ರಾಕ್ಷಿಗೆ ಜಿಎಸ್‌ಟಿ ಇಲ್ಲ ಎಂದು 2024ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆ ಸ್ಪಷ್ಟಪಡಿಸಿದೆ. ವ್ಯಾಪಾರಿ ಮಾರಿದರೆ ಶೇ 5. ‘ರೈತರಿಂದ ನೇರ ಖರೀದಿ’ ಎಂದು ಜಾಹೀರಾತಿನಲ್ಲಿ ಹೇಳಿ, ಲೆಕ್ಕದಲ್ಲಿ ಒಂದೇ ಟ್ರೇಡಿಂಗ್ ಸಂಸ್ಥೆಯ ಬಿಲ್ಲು ತೋರಿಸಿದರೆ ಆ ಸಂಸ್ಥೆ ಯಾರದೆಂದು ಕೇಳಬೇಕು.

ನಾಲ್ಕು, ವಿಭಾಗವಾರು ಲೆಕ್ಕ. ಔಷಧ ಎಷ್ಟು ಗಳಿಸಿತು, ಆಹಾರ ಎಷ್ಟು ನುಂಗಿತು ಎಂದು ಬೇರೆ ಬೇರೆ ತೋರಿಸದೆ ಒಟ್ಟು ಮಾರಾಟ ಏರಿದ್ದನ್ನೇ ಸಾರುವ ಕಂಪನಿಯಿಂದ ದೂರವಿರುವುದು ಒಳ್ಳೆಯದು. ಆಹಾರದಲ್ಲಿ ಮಾರಾಟ ಏರಿಸುವುದು ಸುಲಭ, ಉದ್ರಿ ಕೊಟ್ಟರಾಯಿತು.

ಬಬಲೇಶ್ವರದ ಅಂಗಡಿಯವರ ಮಾತನ್ನು ನಾನು ತಳ್ಳಿಹಾಕಲಿಲ್ಲ. ಸೀಸನ್ ಮುಗಿದ ಮೇಲೆ ಖಾಲಿ ಕೂರುವ ಕಂಪನಿಗೆ ಎರಡನೇ ಕಸುಬು ಬೇಕು ಎಂಬುದು ನಿಜ. ಅವರ ಮಗನ ಲೆಕ್ಕವೂ ಕೆಲವು ವಾರ ನಿಜವಾಯಿತು. ಸುದ್ದಿಗೆ ಷೇರು ಏರಿತು. ಪೇಟೆ ಕೊಡುವ ದೊಡ್ಡ ಬೆಲೆ ಕಟ್ಟಿ ನಿಂತ ಬ್ರ್ಯಾಂಡಿಗೆ ಮಾತ್ರ. ಕಟ್ಟುತ್ತೇನೆ ಎಂಬ ಪತ್ರಕ್ಕೆ ಸಿಗುವ ಬೆಲೆ ಮುಂದಿನ ತ್ರೈಮಾಸಿಕ ಫಲಿತಾಂಶದವರೆಗೆ. ಆ ಏರಿಕೆಯಲ್ಲಿ ನಾನು ಅರ್ಧ ಷೇರು ಮಾರಿದೆ. ಉಳಿದ ಅರ್ಧದ ಮೇಲೆ, ಉದ್ದೇಶ ತಿದ್ದುವ ನಿರ್ಣಯದ ವಿರುದ್ಧ ಮತ ಹಾಕಿದೆ. ನಿರ್ಣಯ ಪಾಸಾಯಿತು. ಸಣ್ಣ ಷೇರುದಾರರಲ್ಲಿ ಬಹುಪಾಲು ಮಂದಿ ಮತವನ್ನೇ ಹಾಕಿರಲಿಲ್ಲ.

ಅದೇ ನನಗೆ ಬೇಸರ. ನಾಲ್ಕು ಮಂದಿ ಕೂಡಿದಲ್ಲೆಲ್ಲ ಕಂಪನಿಯ ಬಗ್ಗೆ ವಾದ ಮಾಡುವ ನಾವು, ಮತ ಹಾಕಿರೆಂದು ಎನ್‌ಎಸ್‌ಡಿಎಲ್, ಸಿಡಿಎಸ್‌ಎಲ್‌ನಿಂದ ಬಂದ ಇಮೇಲನ್ನು ತೆರೆದೂ ನೋಡುವುದಿಲ್ಲ. ಮಹಾಸಭೆಗೆ ಮುಂಚೆ ಕನಿಷ್ಠ ಮೂರು ದಿನ ಇ-ವೋಟಿಂಗ್ ತೆರೆದಿರುತ್ತದೆ, ಸಭೆಯ ಹಿಂದಿನ ಸಂಜೆ 5 ಗಂಟೆಗೆ ಮುಚ್ಚುತ್ತದೆ. ಮೊಬೈಲಿನಲ್ಲೇ ಆಗುವ ಕೆಲಸ, ಖರ್ಚಿಲ್ಲ. ನಿಮ್ಮ ಕಂಪನಿ ನಾಳೆ ಬಾಟಲಿ ಬಿಟ್ಟು ಪಾಕೀಟು ಹಿಡಿಯುತ್ತೇನೆಂದರೆ ಪರವೋ ವಿರೋಧವೋ ನಿಮ್ಮಿಷ್ಟ. ನೋಟಿಸ್ ಪೂರ್ತಿ ಓದಿ, ಹಣ ಎಷ್ಟು ತಿಂಗಳಿಗೆ ಮರಳುತ್ತದೆಂದು ಲೆಕ್ಕ ಹಾಕಿ, ಮತ ಹಾಕಿ.